ಸೌಟು ಯಾರ ಕೈಯಲ್ಲಿ?

ಲೊರೇನ್: ಹಾಕಲ್ಲ ಅಂದ್ಮೇಲೆ ಹಾಕಲ್ಲ. ನೀನು ತಲೆ ಕೆಳಗು ಮಾಡಿ ನಿಂತ್ಕೊಂಡ್ರೂ ನಾನು ಸಹಿ ಹಾಕಲ್ಲ.

ಎಮಿಲ್: ಈ ಕುರ್ಚಿಯಿಂದ ಏಳೋಕೇ ಆಗ್ತಿಲ್ಲ, ತಲೆ ಕೆಳಗು ಎಲ್ಲಿ ಮಾಡ್ಲಿ?

ಲೊರೇನ್: ತಮಾಷೆ ಬೇಡ. ಐದು ತಿಂಗಳಾಯ್ತು ಟಿಲ್ಲಿ ಇಲ್ಲಿಗೆ ಬರೋಕೆ ಶುರು ಮಾಡಿ. ನಿನ್ನೆ ಕೇಳ್ದೆ, ‘ಚಿನ್ನಾ, ಇವತ್ತೇನು ಕಲಿತೆ?’ ಅಂತ. ಏನಂದ್ಲು ಗೊತ್ತಾ? ‘ಏನಿಲ್ಲ’ ಅಂದ್ಲು.

ಎಮಿಲ್: ಅವಳಮ್ಮ ಹನ್ನೆರಡನೇ ಕ್ಲಾಸಿನ ತನಕ ಅದನ್ನೇ ಹೇಳ್ತಿದ್ಲು. ಈಗ ನರ್ಸಾಗಿಲ್ವಾ?

ಲೊರೇನ್: ‘ಏನಿಲ್ಲ ಅಜ್ಜಿ, ಆಟ ಆಡಿದ್ವಿ’ ಅಂದ್ಲು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರಲ್ಲ, ಇಲ್ಲಿ ಅದನ್ನೇ ಸಿಲಬಸ್ ಮಾಡ್ಕೊಂಡಿದ್ದಾರೆ.

ಕುರ್ಚಿಯ ಎತ್ತರ ಒಂದಡಿ ಇದ್ದರೆ ಹೆಚ್ಚು. ಎಮಿಲ್ ಕುಚೆರಾ ಆರಡಿ ಎರಡಂಗುಲದ ಆಳು, ಎಪ್ಪತ್ತಾರು ವರ್ಷ. ಮೊಣಕಾಲು ಗದ್ದಕ್ಕೆ ತಾಗುವಂತೆ ಮುದುಡಿಕೊಂಡಿದ್ದ. ಮೂವತ್ತೆಂಟು ವರ್ಷ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವನು. ಪಕ್ಕದ ಕುರ್ಚಿಯಲ್ಲಿ ಹೆಂಡತಿ ಲೊರೇನ್ ಮಾತ್ರ ಸಿಂಹಾಸನದ ಮೇಲೆ ಕೂತ ಹಾಗೆ ನೆಟ್ಟಗೆ ಕೂತಿದ್ದಳು. ಊರಿನ ವಾರಪತ್ರಿಕೆಯಲ್ಲಿ ಅಚ್ಚಿನ ತಪ್ಪು ತಿದ್ದಿ ತಿದ್ದಿ ನಿವೃತ್ತಳಾದ ಹೆಂಗಸು, ಬೆನ್ನು ಬಾಗಿಸಿ ಅಭ್ಯಾಸವಿಲ್ಲ. ಅವಳ ತೊಡೆಯ ಮೇಲೆ ಒಂದು ಹಳದಿ ಫಾರ್ಮ್ ಇತ್ತು.

ಜಗಳವೆಲ್ಲ ಆ ಫಾರ್ಮಿನದೇ. ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಯ ಈ ಕಾಟನ್‌ವುಡ್ ಶಿಶುಶಾಲೆಯಲ್ಲಿ ಮೊಮ್ಮಗಳಿಗೆ ಮುಂದಿನ ವರ್ಷದ ಜಾಗ ಬೇಕಿದ್ದರೆ ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಸಹಿ ಬೀಳಬೇಕು. ಇಲ್ಲದಿದ್ದರೆ ಕಾಯುತ್ತಿರುವ ಬೇರೆ ಮಗುವಿಗೆ ಆ ಜಾಗ ಹೋಗುತ್ತದೆ. ಮಗಳು ಪ್ಯಾಟಿಗೆ ಆಸ್ಪತ್ರೆಯಲ್ಲಿ ಪಾಳಿ. ‘ದಿನಾ ಬಿಟ್ಟು ಕರ್ಕೊಂಡು ಬರೋರು ನೀವು. ಟೀಚರ್ ಮಿಸ್ ಬ್ರಿನ್ ಹತ್ರ ಮಾತಾಡಿ, ಇಬ್ಬರೂ ಒಪ್ಪಿದ್ರೆ ಅಮ್ಮ ಸಹಿ ಹಾಕ್ಲಿ’ ಎಂದು ಹೇಳಿ ಹೋಗಿದ್ದಳು. ಇಬ್ಬರೂ ಒಪ್ಪಿದರೆ! ಈ ದಂಪತಿ ಐವತ್ತೊಂದು ವರ್ಷದಲ್ಲಿ ಒಪ್ಪಿದ್ದು ಒಂದೇ ಸಲ, ಅದೂ ಪಾದ್ರಿಯ ಎದುರಿಗೆ.

ಮಿಕ್ಕ ಮಕ್ಕಳು ಸಹಾಯಕಿಯ ಜೊತೆ ಪಕ್ಕದ ಕೋಣೆಯಲ್ಲಿದ್ದರು. ನಾಲ್ಕೂವರೆ ವರ್ಷದ ಟಿಲ್ಲಿ ಮೂಲೆಯಲ್ಲಿ ಮರದ ತುಂಡುಗಳನ್ನು ಪೇರಿಸುತ್ತ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನುವಂತಿದ್ದಳು.

ಲೊರೇನ್: ಎದುರು ಬೀದಿ ಡಾರ್ಲೀನ್ ಮೊಮ್ಮಗ ಬ್ರಾಡಿಯನ್ನ ನೋಡು. ಟಿಲ್ಲಿಗಿಂತ ಎರಡು ತಿಂಗಳು ಚಿಕ್ಕವನು. ನೂರರವರೆಗೆ ಎಣಿಸ್ತಾನೆ. ತಿಂಡಿ ಡಬ್ಬದ ಮೇಲೆ ಬರೆದಿರೋದನ್ನ ಪಟಪಟ ಓದ್ತಾನೆ.

ಎಮಿಲ್: ಓದ್ತಾನೆ, ಆದ್ರೆ ಡಬ್ಬದಿಂದ ಒಂದು ಕಾಳು ಇನ್ನೊಬ್ಬರಿಗೆ ಕೊಡಲ್ಲ.

ಲೊರೇನ್: ಎಣಿಸೋಕೆ ಬಂದ್ರೆ ತಾನೇ ಒಂದು ಕಮ್ಮಿಯಾಯ್ತು ಅಂತ ಗೊತ್ತಾಗೋದು? ಅವನು ಹೋಗೋದು ಹೆದ್ದಾರಿ ಪಕ್ಕದ ‘ಪುಟ್ಟ ಪಂಡಿತರು’ ಶಾಲೆಗೆ. ಬೆಳಿಗ್ಗೆ ಎಂಟಕ್ಕೆ ಹೋದ್ರೆ ಮೂರಕ್ಕೆ ವಾಪಸ್. ಬಸ್ಸೇ ಮನೆ ಬಾಗಿಲಿಗೆ ಬರುತ್ತೆ. ಪ್ರತಿ ಶುಕ್ರವಾರ ಪರೀಕ್ಷೆ.

ಎಮಿಲ್: ನಾಲ್ಕು ವರ್ಷದ ಮಗುವಿಗೆ ಪರೀಕ್ಷೆನಾ? ಮೂಗು ಒರೆಸ್ಕೊಳ್ಳೋಕೆ ಬಂದ್ರೆ ಪಾಸು ಮಾಡ್ಬೇಕು ಆ ವಯಸ್ಸಲ್ಲಿ.

ಲೊರೇನ್: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?

ಎಮಿಲ್: ಗಿಡ ಆಗೋಕೆ ಬಿಡೇ ಮೊದಲು. ಮೊಳಕೇನೇ ಬಗ್ಗಿಸ್ತೀಯಲ್ಲ!

ಮಿಸ್ ಬ್ರಿನ್ ಒಳಗೆ ಬಂದಳು. ಇಪ್ಪತ್ತೇಳರ ಹುಡುಗಿ, ಒಂದು ತೋಳಿಗೆ ನೀಲಿ ಬಣ್ಣ ಮೆತ್ತಿತ್ತು, ಜಡೆಯಲ್ಲಿ ಯಾರೋ ಅಂಟಿಸಿದ ಮಿಂಚುಕಾಗದ. ಅವಳೂ ಒಂದಡಿಯ ಕುರ್ಚಿಯಲ್ಲೇ ಕೂತಳು, ಹುಟ್ಟಿದಾಗಿನಿಂದ ಅಲ್ಲೇ ಕೂತವಳಂತೆ. ಕೈಯಲ್ಲಿ ದಪ್ಪನೆಯ ಫೈಲು.

ಮಿಸ್ ಬ್ರಿನ್: ಮಿಸ್ಟರ್ ಕುಚೆರಾ, ಮಿಸೆಸ್ ಕುಚೆರಾ, ಬಂದಿದ್ದು ತುಂಬಾ ಸಂತೋಷ. ಟಿಲ್ಲಿ ಬಗ್ಗೆ ಹೇಳೋಕೆ ಮುಂಚೆ ಒಂದು ಮಾತು. ನಾವಿಲ್ಲಿ ಇಡೀ ಮಗುವನ್ನ ನೋಡ್ತೀವಿ.

ಎಮಿಲ್: ಇಡೀ ಮಗೂನೇ ಕಳಿಸಿದ್ವಲ್ಲ ಮಿಸ್. ಏನಾದ್ರೂ ಕಮ್ಮಿ ಬಂದಿತ್ತಾ?

ಮಿಸ್ ಬ್ರಿನ್: ಹಾಗಲ್ಲ. ಮಗು ಅಂದ್ರೆ ಬರೀ ತಲೆ ಅಲ್ಲ ಅಂತ. ಕೈ ಕಾಲು, ಮನಸ್ಸು, ಗೆಳೆತನ, ಅಳು, ಕೋಪ ಎಲ್ಲಾ ಸೇರಿ ಬೆಳೀಬೇಕಲ್ವಾ?

ಲೊರೇನ್: ಕೋಪ ಮನೆಯಲ್ಲೇ ಕಲಿತಿದ್ದಾಳೆ, ಅದಕ್ಕೆ ಶಾಲೆ ಬೇಡ. ಅಕ್ಷರ?

ಮಿಸ್ ಬ್ರಿನ್: ಅದೂ ಬರುತ್ತೆ.

ಲೊರೇನ್: ಯಾವ ಬಸ್ಸಲ್ಲಿ?

ಎಮಿಲ್ ಕೆಮ್ಮಿದ. ಮಿಸ್ ಬ್ರಿನ್ ನಕ್ಕಳು. ಪ್ರತಿ ವರ್ಷ ಇಂಥ ಅಜ್ಜಿಯರನ್ನು ಅರ್ಧ ಡಜನ್ ನೋಡಿದ ನಗು ಅದು. ಫೈಲು ಬಿಚ್ಚಿದಳು.

ಮಿಸ್ ಬ್ರಿನ್: ಈ ತಿಂಗಳು ಟಿಲ್ಲಿ ನೀರಿನ ತೊಟ್ಟಿ ಹತ್ರ ತುಂಬಾ ಕೆಲಸ ಮಾಡಿದ್ದಾಳೆ.

ಲೊರೇನ್: ಪಾತ್ರೆ ತೊಳೆಸ್ತೀರಾ ಮಕ್ಕಳ ಕೈಲಿ?

ಮಿಸ್ ಬ್ರಿನ್: ಕೆಲಸ ಅಂದ್ರೆ... ನಾವು ಆಟಕ್ಕೇ ಕೆಲಸ ಅಂತೀವಿ.

ಎಮಿಲ್: ನಮ್ಮ ರೈಲ್ವೆ ಆಫೀಸಿನಲ್ಲೂ ಕೆಲವರು ಹಾಗೇ ಅಂತಿದ್ರು.

ಮಿಸ್ ಬ್ರಿನ್: ಸಣ್ಣ ಲೋಟದಲ್ಲಿ ಮೂರು ಸಲ ಹಾಕಿದ್ರೆ ದೊಡ್ಡ ಲೋಟ ತುಂಬುತ್ತೆ ಅಂತ ತಾನೇ ಕಂಡುಹಿಡಿದ್ಲು. ಯಾರೂ ಹೇಳಿಕೊಟ್ಟಿಲ್ಲ. ಕಂಡುಹಿಡಿದು ಎಲ್ಲರನ್ನೂ ಕೂಗಿ ಕರೆದ್ಲು.

ಎಮಿಲ್: ನೋಡು! ಲೆಕ್ಕ ಅಲ್ವಾ ಅದು?

ಲೊರೇನ್: ಅದಕ್ಕೇನಾ ಮೊನ್ನೆ ನನ್ನ ಕಾಫಿನ ಮೂರು ಕಪ್ಪಿಗೆ ಹಂಚಿ, ಒಂದನ್ನ ಬೆಕ್ಕಿಗಿಟ್ಟಿದ್ದು?

ಮುಂದಿನ ಹಾಳೆಯಲ್ಲಿ ಒಂದು ಫೋಟೋ. ಹಿಂದಿನ ಅಂಗಳದ ‘ಕೆಸರಿನ ಅಡುಗೆಮನೆ’. ಟಿಲ್ಲಿ ಹಳೆಯ ಬಾಣಲೆಯಲ್ಲಿ ಮಣ್ಣು ಕಲಸುತ್ತಿದ್ದಾಳೆ, ಹಲ್ಲು ಬಿಟ್ಟರೆ ಹಲ್ಲೊಂದೇ ಬಿಳಿ.

ಎಮಿಲ್: ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ.

ಲೊರೇನ್: ಇಲ್ಲಿ ಬಾಯೂ ಕೆಸರೇ.

ಅದರ ಮುಂದೆ ಒಂದು ಚಿತ್ರ. ಹಾಳೆಯ ತುಂಬ ಕೆಂಪು ಸುತ್ತು, ಸುತ್ತಿನೊಳಗೆ ಸುತ್ತು, ಒಂದು ಕಡೆ ಕಾಗದವೇ ಹರಿದು ತೂತು.

ಲೊರೇನ್: ಇದೇನು? ಸುಂಟರಗಾಳಿನಾ?

ಎಮಿಲ್: ಬಣವೆಗೆ ಬೆಂಕಿ ಬಿದ್ದಿದೆ ಅನ್ಸುತ್ತೆ.

ಮಿಸ್ ಬ್ರಿನ್: ಚಿತ್ರದ ಹೆಸರನ್ನ ಮಗೂನೇ ಹೇಳುತ್ತೆ, ನಾನು ಕೆಳಗೆ ಬರ್ಕೊಳ್ತೀನಿ. ‘ಡಾರ್ಲೀನ್ ಜೊತೆ ಫೋನಲ್ಲಿ ಮಾತಾಡಿ ಮುಗಿಸಿದ ಅಜ್ಜಿ.’

ಎಮಿಲ್ ಬಗ್ಗಿ ಶೂ ದಾರ ಕಟ್ಟಿಕೊಳ್ಳತೊಡಗಿದ. ಅವನ ಶೂಗೆ ದಾರವಿರಲಿಲ್ಲ.

ಲೊರೇನಳ ಕಣ್ಣು ಅಷ್ಟರಲ್ಲಿ ಗೋಡೆಯ ಮೇಲೆ ಹೋಗಿತ್ತು. ಅಲ್ಲಿ ಬಣ್ಣದ ಕಾಗದದಲ್ಲಿ ಕತ್ತರಿಸಿದ ಉದ್ದನೆಯ ರೈಲು. ಇಂಜಿನಿನಿಂದ ಹಿಡಿದು ಕೊನೆಯವರೆಗೆ ಹನ್ನೊಂದು ಡಬ್ಬಿ, ಒಂದೊಂದಕ್ಕೂ ಒಂದೊಂದು ಮಗುವಿನ ಫೋಟೋ. ಇಂಜಿನಿನಲ್ಲಿ ಯಾರೋ ಗುಂಗುರು ಕೂದಲಿನ ಹುಡುಗಿ ಇದ್ದಳು. ಟಿಲ್ಲಿ ಇದ್ದದ್ದು ಕಟ್ಟಕಡೆಯ ಕೆಂಪು ಡಬ್ಬಿಯಲ್ಲಿ. ತಪ್ಪು ಹುಡುಕಿಯೇ ಸಂಬಳ ತಿಂದ ಕಣ್ಣು, ಬಿಡುತ್ತದೆಯೇ!

ಲೊರೇನ್: ಹನ್ನೊಂದು ಮಕ್ಕಳಲ್ಲಿ ಹನ್ನೊಂದನೆಯವಳು!

ಮಿಸ್ ಬ್ರಿನ್: ಅಯ್ಯೋ, ಅದು ರ‍್ಯಾಂಕಲ್ಲ ಮಿಸೆಸ್ ಕುಚೆರಾ. ಅವು ಕೆಲಸಗಳು. ಇಂಜಿನ್ ಮಗು ಸಾಲಿನ ಮುಂದೆ ನಡೆಯುತ್ತೆ. ಒಬ್ಬರು ಬಾಗಿಲು ಹಿಡೀತಾರೆ, ಒಬ್ಬರು ಮೀನಿಗೆ ಊಟ ಹಾಕ್ತಾರೆ. ಟಿಲ್ಲಿ ನಮ್ಮ ಗಾರ್ಡ್ ಡಬ್ಬಿ. ಸಾಲಿನ ಕೊನೆಯಲ್ಲಿ ಬರ್ತಾಳೆ. ಪ್ರತಿ ಸೋಮವಾರ ಕೆಲಸ ಬದಲಾಗುತ್ತೆ, ಆದ್ರೆ ಟಿಲ್ಲಿ ನಾಲ್ಕು ವಾರದಿಂದ ಅದನ್ನೇ ಕೇಳಿ ಪಡ್ಕೊಳ್ತಿದ್ದಾಳೆ.

ಎಮಿಲ್‌ಗೆ ಕೂತಲ್ಲೇ ಎದೆ ಎರಡಂಗುಲ ಉಬ್ಬಿತು.

ಎಮಿಲ್: ಗಾರ್ಡ್ ಡಬ್ಬಿ! ಕೇಳಿದ್ಯಾ? ಯಾರ ಮೊಮ್ಮಗಳು ಮತ್ತೆ!

ಲೊರೇನ್: ಕೇಳಿದೆ. ಕೊನೇ ಜಾಗನ ಕೇಳಿ ಪಡ್ಕೊಳ್ಳೋ ಹಾಗೆ ಮಾಡಿದ್ದೀರಿ ಮಗೂನ. ತಾನು ಹಿಂದುಳಿದೋಳು ಅಂತ ಅದಕ್ಕೇ ಅನ್ನಿಸಿಬಿಟ್ಟಿದೆ.

ಎಮಿಲ್: ಹಿಂದೆ ಇರೋದು ಬೇರೆ, ಹಿಂದುಳಿಯೋದು ಬೇರೆ. ಗಾರ್ಡ್ ಅಂದ್ರೆ ಇಡೀ ಗಾಡಿಯ ಯಜಮಾನ. ನಾನು ದೀಪ ಬೀಸದೆ ಇಂಜಿನ್ ಒಂದಂಗುಲ ಅಲ್ಲಾಡ್ತಿರ್ಲಿಲ್ಲ.

ಲೊರೇನ್: ಯಜಮಾನ! ಆ ಯಜಮಾನನ್ನ ಕಿತ್ತುಹಾಕಿ ಅಲ್ಲೊಂದು ಮಿಣುಕು ದೀಪದ ಪೆಟ್ಟಿಗೆ ಸಿಗಿಸಿದ್ರಲ್ಲ, ಗಾಡಿ ನಿಂತುಹೋಯ್ತಾ? ನೀನು ಕೊನೇ ಡಬ್ಬೀಲಿ ಕೂತಿದ್ದು ಸಾಲ್ದು ಅಂತ ಅವಳನ್ನೂ ಅಲ್ಲೇ ಕೂರಿಸ್ತೀಯಾ?

ಈ ಮಾತು ಎಮಿಲ್‌ಗೆ ನಾಟಿತು. ಗಾರ್ಡ್ ಡಬ್ಬಿಗಳನ್ನು ರದ್ದು ಮಾಡಿ ಅವನನ್ನು ಇಂಜಿನಿಗೆ ಕಳಿಸಿದ ವರ್ಷ ಅವನು ಮೂರು ವಾರ ಸರಿಯಾಗಿ ಊಟ ಮಾಡಿರಲಿಲ್ಲ, ಅದು ಅವಳಿಗೂ ಗೊತ್ತು. ಆಡಿದ ಮೇಲೆ ಅವಳಿಗೂ ಕೆಡುಕೆನಿಸಿತು, ಆದರೆ ಒಪ್ಪಿಕೊಳ್ಳುವುದು ಹೇಗೆ? ಇಬ್ಬರೂ ಒಂದೇ ಉಸಿರಿಗೆ ಬಾಯಿ ತೆರೆದರು.

ಎಮಿಲ್: ನೀನು ಯಾವಾಗ್ಲೂ...

ಲೊರೇನ್: ನೀನು ಯಾವತ್ತೂ...

ಅಷ್ಟರಲ್ಲಿ ಹೊರಗಿನ ಪಡಸಾಲೆಯಿಂದ ಒಂದು ಕಿರುಚಾಟ. ತಮ್ಮ ಸರದಿಗೆ ಕಾಯುತ್ತಿದ್ದ ಮನೆಯವರ ಅವಳಿಗಳಲ್ಲಿ ಒಬ್ಬ ಮೂಗಿಗೆ ಮಣಿ ತುರುಕಿದ್ದ. ಯಾರ ಮೂಗಿಗೆ ಎಂಬುದು ಸ್ಪಷ್ಟವಾಗಲಿಲ್ಲ. ಮಿಸ್ ಬ್ರಿನ್ ‘ಎರಡೇ ನಿಮಿಷ’ ಎನ್ನುತ್ತ ಓಡಿದಳು.

ಅವಳು ಹೋದದ್ದೇ ತಡ, ಟಿಲ್ಲಿ ಎದ್ದು ಬಂದಳು. ಕೈಯಲ್ಲಿ ಉದ್ದ ಹಿಡಿಯ ಮರದ ಸೌಟು.

ಟಿಲ್ಲಿ: ಇಬ್ಬರೂ ಏಳಿ. ಶಾಂತಿ ಮೇಜಿಗೆ ಬನ್ನಿ.

ಲೊರೇನ್: ನಾವು ಜಗಳ ಆಡ್ತಿಲ್ಲ ಚಿನ್ನಾ. ಮಾತಾಡ್ತಿದ್ದೀವಿ.

ಟಿಲ್ಲಿ: ನನ್ನ ಮನೆ ಬಿದ್ದುಹೋಯ್ತು ನಿಮ್ಮ ಮಾತಿಗೆ. ಬನ್ನಿ.

ಮೂಲೆಯಲ್ಲೊಂದು ದುಂಡನೆಯ ಮೇಜು, ಜಗಳ ಆಡಿದ ಮಕ್ಕಳು ಕೂತು ರಾಜಿಯಾಗುವ ಜಾಗ. ಎಮಿಲ್ ಎರಡು ಕೈ ಊರಿ, ಒಂದು ಮಂಡಿ ಊರಿ, ದೇವರನ್ನು ನೆನೆದು ಎದ್ದ. ಎದ್ದು, ನಾಲ್ಕು ಹೆಜ್ಜೆ ನಡೆದು, ಅಷ್ಟೇ ಗಿಡ್ಡನೆಯ ಇನ್ನೊಂದು ಕುರ್ಚಿಯಲ್ಲಿ ಕೂತ.

ಟಿಲ್ಲಿ: ಸೌಟು ಹಿಡ್ಕೊಂಡಿರೋರು ಮಾತ್ರ ಮಾತಾಡ್ಬೇಕು. ಇನ್ನೊಬ್ಬರು ಕೇಳಿಸ್ಕೊಂಡು, ಅವರು ಹೇಳಿದ್ದನ್ನೇ ವಾಪಸ್ ಹೇಳ್ಬೇಕು. ಸರಿಯಾಗಿ ಹೇಳಿದ್ರೆ ಮಾತ್ರ ಸೌಟು ಸಿಗುತ್ತೆ. ‘ಯಾವಾಗ್ಲೂ’ ಅನ್ನೋ ಹಾಗಿಲ್ಲ. ‘ಯಾವತ್ತೂ’ನೂ ಅನ್ನೋ ಹಾಗಿಲ್ಲ.

ಎಮಿಲ್: ಅವೆರಡು ತೆಗೆದ್ರೆ ನಮ್ಮಿಬ್ಬರಿಗೂ ಮಾತೇ ಉಳಿಯಲ್ಲ ಮಗಳೇ.

ಟಿಲ್ಲಿ: ತಾತಾ, ಸೌಟು ನಿನ್ನ ಹತ್ರ ಇಲ್ಲ. ಅಜ್ಜಿ ಫಸ್ಟು.

ಲೊರೇನ್ ಸೌಟು ಹಿಡಿದಳು. ಐವತ್ತು ವರ್ಷ ಅಡುಗೆಮನೆಯಲ್ಲಿ ಹಿಡಿದದ್ದೇ, ಆದರೆ ಇವತ್ತು ಅದು ಬೇರೆ ಭಾರವಿತ್ತು.

ಲೊರೇನ್: ನನಗೆ ಸಿಟ್ಟು ಬಂದಿದೆ. ತಾತನಿಗೆ ಎಲ್ಲಾ ತಮಾಷೆ. ನಾನು ಹೇಳಿದ್ದು ಅವನ ಕಿವಿಗೇ ಹೋಗಲ್ಲ.

ಟಿಲ್ಲಿ: ತಾತಾ, ಅಜ್ಜಿ ಏನಂದ್ಲು?

ಎಮಿಲ್: ಡಾರ್ಲೀನ್ ಮೊಮ್ಮಗನ ಶಾಲೆಗೆ ಹಾಕ್ಬೇಕು ಅಂದ್ಲು.

ಟಿಲ್ಲಿ: ಅಜ್ಜಿ ಡಾರ್ಲೀನ್ ಅನ್ಲೇ ಇಲ್ಲ!

ಎಮಿಲ್: ಅನ್ನದಿದ್ರೂ ನನಗೆ ಕೇಳಿಸ್ತು.

ಟಿಲ್ಲಿ: ನಿನ್ನ ಕೇಳೋ ಕಿವಿ ಆನ್ ಮಾಡ್ಕೋ ತಾತಾ.

ತರಗತಿಯಲ್ಲಿ ಮಿಸ್ ಬ್ರಿನ್ ದಿನಕ್ಕೆ ಹತ್ತು ಸಲ ಎಲ್ಲ ಮಕ್ಕಳಿಗೂ ಹೇಳುವ ಮಾತದು; ತನ್ನ ಕಿವಿಯನ್ನು ಮೆಲ್ಲಗೆ ತಿರುವಿ ತೋರಿಸುತ್ತಾಳೆ, ಅಷ್ಟೇ. ಎಮಿಲ್ ಪಾಪ ಸಿಕ್ಕಿಬಿದ್ದೆ ಎಂದುಕೊಂಡ. ಮೆಲ್ಲಗೆ ಬಲಗಿವಿಯ ಹಿಂದೆ ಕೈ ಹಾಕಿ, ಕಿವಿಯ ಯಂತ್ರದ ಗುಂಡಿ ಒತ್ತಿದ. ಅದು ‘ಕಿಂವ್’ ಎಂದಿತು.

ಲೊರೇನ್: ಏನದು ಸದ್ದು? ಆಫ್ ಮಾಡಿದ್ಯಾ ಅದನ್ನ?

ಎಮಿಲ್: ಪೂರ್ತಿ ಆಫಲ್ಲ. ನಿನ್ನ ಕಡೇದು ಮಾತ್ರ.

ಲೊರೇನ್: ಎಷ್ಟು ದಿನದಿಂದ?

ಎಮಿಲ್: ನವೆಂಬರಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟ ಆದಾಗಿಂದ.

ಲೊರೇನ್: ಫೆಬ್ರವರಿ ಎಮಿಲ್ ಇದು! ಮೂರು ತಿಂಗಳು ನಾನು ಗೋಡೆ ಜೊತೆ ಮಾತಾಡಿದ್ನಾ?

ಟಿಲ್ಲಿ: ಸೌಟು! ಸೌಟು!

ಸೌಟು ಅವಳ ಕೈಯಲ್ಲೇ ಇತ್ತು. ಮಾತಿಗಲ್ಲದೆ ಬೇರೆ ಕೆಲಸಕ್ಕೆ ಬಂದೀತೆಂದು ಎಮಿಲ್ ಕುರ್ಚಿಯನ್ನು ಸ್ವಲ್ಪ ಹಿಂದೆ ಎಳೆದುಕೊಂಡ. ಟಿಲ್ಲಿ ಗಂಭೀರವಾಗಿ ಇಬ್ಬರನ್ನೂ ನೋಡಿದಳು. ಎಮಿಲ್ ಹೆಂಡತಿಯ ಮಾತನ್ನು ಸರಿಯಾಗಿ ವಾಪಸ್ ಹೇಳಿದ, ಎರಡನೆಯ ಪ್ರಯತ್ನದಲ್ಲಿ ಪಾಸಾದ. ಸೌಟು ಕೈ ಬದಲಾಯಿತು.

ಎಮಿಲ್: ನಾನು ಹೇಳ್ಲಾ? ಆ ಪಂಡಿತರ ಶಾಲೆಗೆ ಬಸ್ ಬರುತ್ತೆ. ಬಂದು ಮಗೂನ ಎತ್ತಾಕ್ಕೊಂಡು ಹೋಗುತ್ತೆ. ಈಗ ನಾನು ದಿನಾ ಹನ್ನೆರಡಕ್ಕೆ ಇವಳನ್ನ ಕರ್ಕೊಂಡು ಹಳಿ ಪಕ್ಕ ನಡ್ಕೊಂಡು ಬರ್ತೀನಿ. ಹತ್ತು ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯುತ್ತೆ. ಪ್ರತಿ ಕಲ್ಲನ್ನೂ ಮಾತಾಡಿಸ್ಬೇಕು ಇವಳಿಗೆ. ಇಡೀ ದಿನದಲ್ಲಿ ನಾನು ಬೂಟು ಹಾಕ್ಕೊಳ್ಳೋದು ಅದೊಂದಕ್ಕೇ.

ಇಷ್ಟನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೂ ಇಷ್ಟು ಸ್ಪಷ್ಟವಾಗಿ ಹೇಳಿಕೊಂಡಿರಲಿಲ್ಲ.

ಲೊರೇನ್: ತಾತ ಮಗುವಿಗೋಸ್ಕರ ಅಲ್ಲ, ತನಗೋಸ್ಕರ ಈ ಶಾಲೆ ಬೇಕು ಅಂದ.

ಟಿಲ್ಲಿ: ಹಾಗನ್ಲಿಲ್ಲ ಅಜ್ಜಿ.

ಲೊರೇನ್: ಸರಿ. ಆ ಒಂದು ಗಂಟೆ ಹೋದ್ರೆ ತನಗೆ ಬೂಟು ಹಾಕ್ಕೊಳ್ಳೋಕೆ ಕಾರಣ ಇರಲ್ಲ ಅಂದ.

ಟಿಲ್ಲಿ: ಕರೆಕ್ಟ್. ತಗೋ ಸೌಟು. ಅಜ್ಜೀ, ನಿಂಗೆ ನಿಜವಾಗ್ಲೂ ಸಿಟ್ಟಾ? ಭಯ ಒಂದೊಂದ್ಸಲ ಸಿಟ್ಟಿನ ಕೋಟು ಹಾಕ್ಕೊಂಡು ಬರುತ್ತಂತೆ. ಮಿಸ್ ಬ್ರಿನ್ ಹೇಳಿದ್ರು. ಕೋಟು ತೆಗೆದು ನೋಡು.

ಲೊರೇನ್ ಸೌಟಿನ ಹಿಡಿಯನ್ನು ತಿರುಗಿಸಿ ನೋಡಿದಳು. ಮೂವತ್ತು ವರ್ಷ ಊರಿನವರ ವಾಕ್ಯಗಳನ್ನು ತಿದ್ದಿದವಳಿಗೆ ತನ್ನದೊಂದು ವಾಕ್ಯ ಹೊರಡಲಿಲ್ಲ. ಎಮಿಲ್ ಏನೋ ತಮಾಷೆ ಮಾಡಬೇಕೆಂದಿದ್ದವನು ಅವಳ ಮುಖ ನೋಡಿ ನುಂಗಿಕೊಂಡ.

ಲೊರೇನ್: ನನಗೆ ಆರು ವರ್ಷ ಆಗ. ಮನೇಲಿ ನಾವೆಲ್ಲ ಚೆಕ್ ಭಾಷೆ ಮಾತಾಡ್ತಿದ್ವಿ, ಇಂಗ್ಲಿಷ್ ಒಂದಕ್ಷರ ಗೊತ್ತಿರ್ಲಿಲ್ಲ. ಹಳ್ಳಿ ಶಾಲೆ, ಒಂದೇ ಕೋಣೆ, ಹದಿನಾಲ್ಕು ಮಕ್ಕಳು. ಮೊದಲನೇ ದಿನ ಟೀಚರ್ ಒಂದು ಚಿತ್ರ ತೋರ್ಸಿ ‘ಇದೇನು?’ ಅಂದ್ರು. ಪೇರ್ ಹಣ್ಣು. ನನಗೆ ಗೊತ್ತಿರೋ ಹಣ್ಣು! ನಮ್ಮ ಹಿತ್ತಲಲ್ಲೇ ಬೆಳೀತಿತ್ತು. ಯಾವ ವಾರ ಉದುರುತ್ತೆ, ಯಾವ ಕಡೆ ಮೊದಲು ಹಣ್ಣಾಗುತ್ತೆ, ಎಲ್ಲಿ ಹುಳ ಇರುತ್ತೆ, ಎಲ್ಲಾ ಗೊತ್ತಿತ್ತು. ಎದ್ದು ನಿಂತು ಜೋರಾಗಿ ‘ಹ್ರುಷ್ಕಾ!’ ಅಂದೆ.

ಟಿಲ್ಲಿ: ಹ್ರುಷ್ಕಾ!

ಲೊರೇನ್: ನೀನು ಅಂದ್ರೆ ಚಂದ. ಅವತ್ತು ಹದಿಮೂರು ಮಕ್ಕಳು ನಕ್ಕರು. ಈಸ್ಟರ್ ತನಕ ನನ್ನ ಹೆಸರೇ ಹ್ರುಷ್ಕಾ. ಇಂಗ್ಲಿಷ್ ಬರೋ ತನಕ ಅಂತ ಕೊನೇ ಬೆಂಚಿಗೆ ಹಾಕಿದ್ರು. ಒಲೆ ಇದ್ದಿದ್ದು ಮುಂದೆ. ಚಳಿಗಾಲ ಪೂರ್ತಿ ನಾನು ಕೋಟು ತೆಗೀಲಿಲ್ಲ ಟಿಲ್ಲಿ. ಗೋಡೆ ಮೇಲೆ ನಿನ್ನ ಫೋಟೋನ ಕೊನೇಲಿ ನೋಡಿದಾಗ... ನನಗೆ ಸಿಟ್ಟಲ್ಲ. ಭಯ.

ಹೊರಗೆ ಮಣಿಯ ಹುಡುಗನಿಗೆ ಸೀನಲು ಹೇಳುತ್ತಿದ್ದ ಮಿಸ್ ಬ್ರಿನ್‌ಳ ದನಿ ಕೇಳಿಸಿತು.

ಟಿಲ್ಲಿ: ತಾತಾ, ವಾಪಸ್ ಹೇಳು.

ಎಮಿಲ್ ಹೇಳಿದ. ನಿಧಾನವಾಗಿ, ಒಂದೂ ಬಿಡದೆ ಹೇಳಿದ. ಹಿತ್ತಲು, ಹುಳ, ಹದಿಮೂರು ಮಕ್ಕಳು, ಒಲೆ, ಕೋಟು. ಹ್ರುಷ್ಕಾ ಎನ್ನುವುದನ್ನು ಎರಡು ಸಲ ಹೇಳಿದ. ಅವನ ಅಜ್ಜಿಯೂ ಪೇರ್ ಹಣ್ಣಿಗೆ ಅದನ್ನೇ ಅನ್ನುತ್ತಿದ್ದಳು. ಐವತ್ತೊಂದು ವರ್ಷ ಒಂದೇ ಮನೆಯಲ್ಲಿದ್ದೂ ಇದು ತನಗೆ ಗೊತ್ತಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಎಮಿಲ್: ಅದಕ್ಕೇನಾ ನೀನು ಹೋಟ್ಲಿಗೆ ಹೋದ್ರೆ ಮೆನು ಕಾರ್ಡಲ್ಲಿ ತಪ್ಪು ತಿದ್ದೋದು?

ಲೊರೇನ್: ಮತ್ತೇನು ಹಸಿವಿಗಾ?

ಎಮಿಲ್: ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?

ಲೊರೇನ್: ಕೇಳಿದ್ರೆ ತಾನೇ? ಕಿವಿ ಆಫ್ ಇತ್ತಲ್ಲ.

ಎಮಿಲ್ ಮೇಜಿನ ಮೇಲೆ ಕೈ ಬಡಿದ. ಅವನ ಮುಖ ಕೆಂಪಾಗಿತ್ತು.

ಎಮಿಲ್: ಸರಿ, ತೀರ್ಮಾನ ಆಯ್ತು. ಆ ಫಾರ್ಮ್ ಹರಿದುಹಾಕು. ಪಂಡಿತರ ಶಾಲೆಗೇ ಹಾಕೋಣ. ಶುಕ್ರವಾರ ಏನು, ಶನಿವಾರನೂ ಪರೀಕ್ಷೆ ಮಾಡ್ಲಿ. ನಮ್ಮ ಮಗೂನ ನೋಡಿ ಯಾರೂ ನಗಬಾರದು.

ಲೊರೇನ್: ಏನು, ತಲೆ ಕೆಟ್ಟಿದ್ಯಾ ನಿಂಗೆ?

ಎಮಿಲ್: ನೀನೇ ತಾನೇ ಅಂದಿದ್ದು!

ಲೊರೇನ್: ನಾನು ಅಂದಿದ್ದು ಕೋಟು ಹಾಕ್ಕೊಂಡಾಗ. ಮಗು ಎಲ್ಲೂ ಹೋಗಲ್ಲ. ಇಲ್ಲೇ ಇರ್ತಾಳೆ.

ಎಮಿಲ್: ಅಕ್ಷರ?

ಲೊರೇನ್: ಬರುತ್ತೆ ಅಂದ್ರಲ್ಲ ಮಿಸ್ ಬ್ರಿನ್.

ಎಮಿಲ್: ಯಾವಾಗ ಬರುತ್ತೆ? ಗಿಡವಾಗಿ ಬಗ್ಗದ್ದು...

ಲೊರೇನ್: ಮೊಳಕೆ ಕಣೋ ಅದು, ಮೊಳಕೆ!

ಟಿಲ್ಲಿ ಸೊಂಟದ ಮೇಲೆ ಕೈಯಿಟ್ಟು ಒಬ್ಬರಿಂದ ಇನ್ನೊಬ್ಬರಿಗೆ ನೋಡಿದಳು. ಜಗಳ ಮುಗಿಯಿತೆಂದುಕೊಂಡರೆ ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡು ಮತ್ತೆ ಶುರುಮಾಡಿದ್ದರು. ಶಾಂತಿ ಮೇಜಿನ ನಿಯಮಗಳಲ್ಲಿ ಇದಕ್ಕೆ ಮದ್ದಿರಲಿಲ್ಲ.

ಟಿಲ್ಲಿ: ಬೇಗ ಮುಗಿಸಿ. ಆಮೇಲೆ ಹೊರಗೆ ಹೋಗೋದಿದೆ. ನಾನು ಕೊನೇಲಿ ನಿಲ್ಬೇಕು.

ಲೊರೇನ್: ಯಾಕೆ ಚಿನ್ನಾ ನಿನಗೆ ಆ ಕೊನೇ ಜಾಗ ಅಷ್ಟಿಷ್ಟ?

ಟಿಲ್ಲಿ: ಆಸ್ಕರ್‌ಗೆ ಜಿಪ್ ಹಾಕ್ಕೊಳ್ಳೋಕೆ ಬರಲ್ಲ. ಅವನು ಹಾಕ್ಕೊಳ್ಳೋ ಅಷ್ಟರಲ್ಲಿ ಎಲ್ಲರೂ ಹೊರಟುಹೋಗಿರ್ತಾರೆ. ಅಳ್ತಾನೆ. ಗಾರ್ಡ್ ಡಬ್ಬಿ ಆದ್ರೆ ಎಲ್ಲರೂ ಬಂದ್ರಾ ನೋಡಿ ಆಮೇಲೆ ಲೈಟ್ ಆರಿಸ್ಬೇಕು. ತಾತ ಹೇಳಿಕೊಟ್ಟಿದ್ದು.

ಎಮಿಲ್: ನಾನಾ?

ಟಿಲ್ಲಿ: ಹಳಿ ಹತ್ರ ಹೇಳಿದ್ಯಲ್ಲ. ಇಂಜಿನ್‌ಗೆ ಮುಂದೆ ಮಾತ್ರ ಕಾಣುತ್ತೆ ಅಂತ.

ಲೊರೇನ್ ಮೂಗು ಸೀಟಿಕೊಂಡಳು. ಆಮೇಲೆ ಗೋಡೆಯ ಮೇಲಿನ ಕಾಗದದ ರೈಲನ್ನು ಸೌಟಿನಲ್ಲಿ ತೋರಿಸಿದಳು.

ಲೊರೇನ್: ನೋಡು ಎಮಿಲ್. ನಮ್ಮ ಶಾಲೇಲಿ ಹದಿಮೂರು ಮಕ್ಕಳಿಗೂ ಅಕ್ಷರ ಬರ್ತಿತ್ತು. ನೂರರವರೆಗೆ ಎಣಿಸೋಕೂ ಬರ್ತಿತ್ತು. ಒಬ್ಬರಿಗೂ ಹಿಂದೆ ತಿರುಗಿ ನೋಡೋಕೆ ಬರ್ತಿರ್ಲಿಲ್ಲ.

ಸೌಟು ಎಮಿಲ್ ಹತ್ತಿರ ಇರಲಿಲ್ಲ. ಮೇಜಿನ ಮೇಲಿಂದ ಕೈ ಚಾಚಿ ಹೆಂಡತಿಯ ಕೈಯನ್ನು ಹಿಡಿದುಕೊಂಡ, ಸೌಟಿನ ಸಮೇತ.

ಮಿಸ್ ಬ್ರಿನ್ ಏದುಸಿರು ಬಿಡುತ್ತ ಬಂದಳು. ಅಂಗೈಯಲ್ಲಿ ಒಂದು ಹಸಿರು ಮಣಿ.

ಮಿಸ್ ಬ್ರಿನ್: ಕ್ಷಮಿಸಿ, ತಡವಾಯ್ತು. ಎಲ್ಲಿಗೆ ನಿಲ್ಲಿಸಿದ್ವಿ? ಹಾಂ, ಇಡೀ ಮಗು...

ಲೊರೇನ್: ಅದು ಅರ್ಥ ಆಯ್ತು ಬಿಡಿ. ಪೆನ್ನು ಕೊಡಿ.

ಪೆನ್ನು ಕೊಟ್ಟದ್ದೇ ತಡ, ಲೊರೇನ್ ಫಾರ್ಮಿನ ಮೂರನೆಯ ಸಾಲಿನ ಒಂದು ಕಾಗುಣಿತ ತಿದ್ದಿದಳು, ಐದನೆಯ ಸಾಲಿಗೆ ಒಂದು ಅಲ್ಪವಿರಾಮ ಹಾಕಿದಳು, ಆಮೇಲೆ ಕೆಳಗೆ ದುಂಡಗೆ ಸಹಿ ಮಾಡಿದಳು. ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಎಮಿಲ್ ಆಗಲೇ ತನ್ನ ಬೂಟಿನ ಕಡೆ ನೋಡಿಕೊಳ್ಳುತ್ತಿದ್ದ. ಸಹಿಯಾದ ಫಾರ್ಮನ್ನು ಮಿಸ್ ಬ್ರಿನ್ ಕೈಗೆ ಕೊಟ್ಟ ಲೊರೇನ್ ಎದ್ದು ಹೊರಡಲಿಲ್ಲ.

ಲೊರೇನ್: ಮಿಸ್, ಇನ್ನೊಂದು ಖಾಲಿ ಫಾರ್ಮ್ ಇದ್ಯಾ?

ಮಿಸ್ ಬ್ರಿನ್: ಇದೆ. ಮನೇಲಿ ಇನ್ನೊಂದು ಮಗು ಇದ್ಯಾ?

ಲೊರೇನ್: ಇದೆ. ಇಲ್ಲೇ ಕೂತಿದೆ, ಕುರ್ಚಿಯಿಂದ ಏಳೋಕಾಗದೆ. ಒಬ್ಬನೇ ಬಾತ್‌ರೂಮಿಗೆ ಹೋಗ್ತಾನೆ, ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡ್ತಾನೆ. ಅಕ್ಷರ ಅಂತೂ ಎಲ್ಲಾ ಬರುತ್ತೆ. ಮಿಕ್ಕಿದ್ದನ್ನ ಮಾತ್ರ ನೀವೇ ಮೊದಲಿಂದ ಕಲಿಸ್ಬೇಕು.